ಬೆಳಗಿನ ಕೈ, ಸಂಜೆಯ ಕೈ

"ಹಿಸುಕಿ ಭಾವ. ಇನ್ನೂ ಜೋರಾಗಿ."

"ಹಿಸುಕ್ತಾನೇ ಇದ್ದೀನಲ್ಲ ತಾಯಿ. ಇನ್ನೇನು, ಕಾಲಲ್ಲಿ ತುಳೀಲಾ?"

ಗಾಜಿನ ಕೊಳವೆಯಲ್ಲಿ ಪಾದರಸ ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು. ಭಾವನ ಹಣೆಯಲ್ಲಿ ಬೆವರು ಮೂಡಿತ್ತು. ಬೆರಳುಗಳು ಅರ್ಧ ಮಡಿಚಿ, ಅಲ್ಲಿಂದ ಮುಂದಕ್ಕೆ ಬರುವುದಿಲ್ಲವೆಂದು ಹಟ ಹಿಡಿದಿದ್ದವು. ಕೈಗಡಿಯಾರದೊಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದ ಬೆರಳುಗಳು ಅವು.

ರಕ್ತದೊತ್ತಡ ನೋಡುವ ಹಳೆಯ ಯಂತ್ರವೊಂದನ್ನು ನಾನು ಕೇಳಿ ತಂದಿದ್ದೆ. ತೋಳಿಗೆ ಕಟ್ಟುವ ಪಟ್ಟಿಯನ್ನು ಸುರುಳಿ ಸುತ್ತಿ, ಒಂದಿಷ್ಟು ಗಾಳಿ ತುಂಬಿ ಅಂಗೈಗೆ ಕೊಟ್ಟರೆ, ಹಿಸುಕಿದಷ್ಟೂ ಪಾದರಸ ಏರುತ್ತದೆ. ಹಿಡಿತದ ಬಲ ಅಳೆಯಲು ಭಾವ ಹೋಗುತ್ತಿದ್ದ ಕೀಲುನೋವು ಕೇಂದ್ರದವರು ಮಾಡುತ್ತಿದ್ದದ್ದೂ ಇದನ್ನೇ.

ಅಡುಗೆಮನೆಯ ಕಿಟಕಿಯಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಭಾವ ಮುಖ ಕೂಡ ತೊಳೆದಿರಲಿಲ್ಲ. ಬಿಸಿನೀರು ಮುಟ್ಟಬಾರದು, ಚಹಾ ಕುಡಿಯಬಾರದು, ಹಾಸಿಗೆಯಿಂದ ಎದ್ದವರು ನೆಟ್ಟಗೆ ಬಂದು ಕುರ್ಚಿಯಲ್ಲಿ ಕೂರಬೇಕು ಎಂದು ನಾನೇ ತಾಕೀತು ಮಾಡಿದ್ದೆ.

ಅಕ್ಕ ಒಲೆಯ ಪಕ್ಕ ಕೈಕಟ್ಟಿ ನಿಂತಿದ್ದಳು. "ಕಾಯಿಲೆ ಮನುಷ್ಯನ್ನ ಬೆಳ್ಳಂಬೆಳಿಗ್ಗೆ ಎಬ್ಬಿಸಿ ಹಿಂಸೆ ಕೊಡ್ತಿದ್ದೀಯಲ್ಲ, ನಿನಗೇನು ಕರುಳು ಇಲ್ವೇನೇ?"

"ಕೇಂದ್ರದವರು ಎಬ್ಬಿಸಿದ್ರೆ ಚಿಕಿತ್ಸೆ, ನಾನು ಎಬ್ಬಿಸಿದ್ರೆ ಹಿಂಸೆ," ಎಂದೆ. ಸುಮ್ಮನಿರುವ ಬಾಯಲ್ಲ ನನ್ನದು. ಈ ಬಾಯಿಂದಲೇ ವಿಮಾ ಕಂಪನಿಯ ತನಿಖೆ ವಿಭಾಗದ ಕೆಲಸ ಕಳೆದುಕೊಂಡು ಸ್ವಂತ ಪತ್ತೇದಾರಿಕೆಗೆ ಇಳಿದವಳು ನಾನು.

ಬೇಕರಿಯವನೊಬ್ಬ ಯಾಕೆ ಸತ್ತನೆಂದು ಪತ್ತೆ ಮಾಡಿಕೊಡುತ್ತೇನೆಂದು ಅವನ ಹೆಂಡತಿಗೆ ಮಾತು ಕೊಟ್ಟು ಹುಡುಕುತ್ತ ಹೋದವಳಿಗೆ ಈ ಖಾಸಗಿ ಕೀಲುನೋವು ಕೇಂದ್ರದ ಗೋಡೆಯ ಮೇಲೆ 'ಗುಣವಾದವರು' ಎಂಬ ಸಾಲಿನಲ್ಲಿ ಅವನ ಫೋಟೋ ಸಿಕ್ಕಿತ್ತು. ಅದೇ ಕೇಂದ್ರದ ಕ್ಯಾಪ್ಸೂಲು ನನ್ನ ಭಾವನ ಜೇಬಿನಲ್ಲೂ ಸಿಕ್ಕಿತ್ತು.

ಭಾವನಿಗೆ ಸಂಧಿವಾತ ಹಲವು ವರ್ಷದ್ದು. ದೊಡ್ಡಾಸ್ಪತ್ರೆಯ ಮಾತ್ರೆ ಅದನ್ನು ಹತೋಟಿಯಲ್ಲಿಟ್ಟಿತ್ತು, ಅಷ್ಟೇ. ದಿನ ಬೆಳಗಾದರೆ ನೋಯುವ ಮನುಷ್ಯನಿಗೆ ಹತೋಟಿ ಎನ್ನುವ ಮಾತು ಯಾವ ಮೂಲೆಗೆ? ಕೇಂದ್ರದ ಡಾಕ್ಟರು 'ಗುಣ' ಎಂದರು. ಹಳೆಯ ಮಾತ್ರೆ ಬಿಡಿಸಿದರು. ಆರು ತಿಂಗಳಿಂದ ವಾರಕ್ಕೊಂದು ಸೂಜಿ, ದಿನವೂ ಕ್ಯಾಪ್ಸೂಲು. ಈಗ ಎರಡನೆಯ ಹಂತ, ಶಾಶ್ವತ ಪರಿಹಾರ ಅಂತೆ. ಅದರ ಖರ್ಚಿಗೆ ಭಾವ ತಮ್ಮ ಗಡಿಯಾರ ರಿಪೇರಿ ಅಂಗಡಿಯನ್ನೇ ಮಾರಲು ಹೊರಟಿದ್ದರು. ಕೊಳ್ಳುವವನು ಅವತ್ತು ಸಂಜೆಯೇ ಮುಂಗಡ ತರುವವನಿದ್ದ.

ಪಾದರಸ ನಿಂತ ಜಾಗಕ್ಕೆ ಒಂದು ಸಣ್ಣ ಅಂಟುಪಟ್ಟಿ ಹಚ್ಚಿದೆ.

"ಇದನ್ನ ಅಂಟಿಸಿ ಯಾರನ್ನ ಜೈಲಿಗೆ ಹಾಕ್ತೀಯಮ್ಮ ಸಿಐಡಿ?" ಭಾವ ಬೆರಳು ನೀವಿಕೊಳ್ಳುತ್ತ ಕೇಳಿದರು.

"ಸಂಜೆ ಹೇಳ್ತೀನಿ. ಈಗ ಹೋಗಿ ಬಿಸಿನೀರಲ್ಲಿ ಕೈ ಅದ್ದಿ."

ಅವರು ಏಳಲಿಲ್ಲ. "ಒಂದು ಮಾತು ಹೇಳ್ಲಾ? ಮೊದಲೆಲ್ಲ ಬೆಳಿಗ್ಗೆ ಅಂಗಿ ಗುಂಡಿ ನಿಮ್ಮಕ್ಕನೇ ಹಾಕಬೇಕಿತ್ತು. ಈಗ ನಾನೇ ಹಾಕ್ಕೊಳ್ತೀನಿ. ನಿಧಾನ ಆಗತ್ತೆ, ಆದ್ರೂ ನಾನೇ. ಇದು ಸುಳ್ಳಲ್ಲ ಕಣಮ್ಮ."

"ಅಷ್ಟು ದುಡ್ಡು ಸುರಿದ ಮೇಲೆ ಕೈಗೂ ಸ್ವಲ್ಪ ನಾಚಿಕೆ ಆಗಿರತ್ತೆ ಭಾವ."

"ನಗು, ನಗು," ಎಂದಳು ಅಕ್ಕ. "ಇವರ ಮುಖ ನೋಡಿ ಮಾತಾಡು. ಕೆನ್ನೆ ಒಳಗೆ ಹೋಗಿ ಮೂಳೆ ಕಾಣ್ತಿತ್ತು. ಈಗ ಹೇಗೆ ಮೈಕೈ ತುಂಬಿಕೊಂಡಿದ್ದಾರೆ! ಮುಖ ದುಂಡಗಾಗಿದೆ. ಇದೂ ನಾಟಕ ಅಂತೀಯಾ?"

"ಇಲ್ಲ. ಇದು ನಿನ್ನ ಅಡುಗೆ."

ಅಷ್ಟಕ್ಕೇ ಅಕ್ಕನ ಮುಖ ಅರಳಿತು. ನಾನೂ ನನ್ನ ಜಾಣತನಕ್ಕೆ ಹಿಗ್ಗಿ, ಯಂತ್ರವನ್ನು ಚೀಲಕ್ಕೆ ಹಾಕಿಕೊಂಡೆ.

*

ಸಂಜೆ ನಾನು ಅಂಗಡಿಗೆ ಹೋಗುವ ಹೊತ್ತಿಗೆ ಪಕ್ಕದ ಚಪ್ಪಲಿ ಅಂಗಡಿಯವನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಎರಡು ಮಳಿಗೆಯ ನಡುವಿನ ಗೋಡೆ ಒಡೆದರೆ ಎಷ್ಟು ಜಾಗ ಸಿಗುತ್ತದೆಂದು ಗಟ್ಟಿಯಾಗಿಯೇ ಲೆಕ್ಕ ಹಾಕುತ್ತಿದ್ದ. ಭಾವ ಅವನಿಗೆ ಬೆನ್ನು ಹಾಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದು ಹೆಂಗಸರ ಕೈಗಡಿಯಾರ ಬಿಚ್ಚಿಟ್ಟುಕೊಂಡಿದ್ದರು. ಮೇಜಿನ ಮೇಲಿನ ಬಿಳಿ ಕಾಗದದಲ್ಲಿ ಹಲ್ಲುಗಾಲಿಗಳು ಸಾಲಾಗಿ ಕೂತಿದ್ದವು. ಮಾರುವ ದಿನವೂ ಕೆಲಸ ಬಿಟ್ಟಿರಲಿಲ್ಲ.

"ಮುಂಗಡ ಕೊಡೋ ಮುಂಚೆ ಒಂದು ತಮಾಷೆ ನೋಡಿ," ಎಂದು ಚಪ್ಪಲಿಯವನಿಗೂ ಹೇಳಿ ಯಂತ್ರ ಹೊರಗೆ ತೆಗೆದೆ. "ಹಿಸುಕಿ ಭಾವ."

ಹಿಸುಕಿದರು. ಪಾದರಸ ಬೆಳಗಿನ ಪಟ್ಟಿ ದಾಟಿತು. ದಾಟಿ ಇನ್ನೂ ಮೇಲೆ ಹೋಯಿತು.

"ಭೇಷ್!" ಎಂದ ಚಪ್ಪಲಿಯವನು. "ಏನ್ ಸ್ವಾಮಿ, ಹುಡುಗರ ಹಿಡಿತ ಬಂದುಬಿಟ್ಟಿದೆಯಲ್ಲ!"

ಭಾವ ನಕ್ಕರು. ಆಮೇಲೆ ಪಟ್ಟಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಬೆಳಿಗ್ಗೆಯಿಂದ ಸೂಜಿ ಚುಚ್ಚಿಸ್ಕೊಂಡ್ರಾ?" ಎಂದು ಕೇಳಿದೆ.

"ಇಲ್ಲ. ಸೂಜಿ ಇರೋದು ನಾಳೆ."

"ಆ ಕೇಂದ್ರದಲ್ಲಿ ಮೊದಲನೇ ಸಲ ಕೈ ಅಳೆದಿದ್ದು ಯಾವಾಗ?"

"ಬೆಳಗಾಗೋ ಹೊತ್ತಿಗೇ ಬರಬೇಕು ಅಂದಿದ್ರು. ಬಿಸಿನೀರು ಸ್ನಾನ ಬೇಡ, ಚಹಾ ಬೇಡ ಅಂತ." ಮಾತು ನಿಧಾನವಾಯಿತು. "ರಕ್ತ ಪರೀಕ್ಷೆಗೆ ಇರಬೇಕು ಅಂದ್ಕೊಂಡೆ."

"ಎರಡನೇ ಸಲ?"

"ಎರಡು ವಾರ ಬಿಟ್ಟು." ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದರು. "ಸಂಜೆ."

ಇಷ್ಟೇ ಅವರ ಕೈಚಳಕ. ಸಂಧಿವಾತದ ಕೈ ಬೆಳಿಗ್ಗೆ ಮರದ ಕೊರಡು. ಹೊತ್ತೇರಿದಂತೆ ತಾನಾಗಿ ಸಡಿಲವಾಗುತ್ತದೆ. ಇದು ಭಾವನಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನಿಗೂ, ನನಗೂ ಗೊತ್ತಿದ್ದದ್ದೇ. ಆದರೆ ಪಾದರಸ ಏರುವುದನ್ನು ಕಣ್ಣಾರೆ ಕಂಡ ರೋಗಿ, ಅವತ್ತು ಬೆಳಿಗ್ಗೆಯಾಗಿತ್ತು ಇವತ್ತು ಸಂಜೆಯಾಗಿದೆ ಎಂದು ಯೋಚಿಸುತ್ತಾನೆಯೇ? ಸಂತೋಷದಲ್ಲಿ ಅಳುತ್ತಾನೆ. ಭಾವನೂ ಅತ್ತಿದ್ದರಂತೆ, ಅಕ್ಕ ಹೇಳಿದ್ದಳು.

ಭಾವ ತಮ್ಮ ಎರಡೂ ಅಂಗೈಗಳನ್ನು ದೀಪದ ಕೆಳಗೆ ಹಿಡಿದು ನೋಡಿಕೊಂಡರು.

"ಅಂದ್ರೆ ನನ್ನ ಬೆಳಗಿನ ಕೈ ತೋರಿಸಿ, ನನ್ನ ಸಂಜೆ ಕೈನ ನನಗೇ ಮಾರಿದ್ರು."

"ಹೌದು ಭಾವ."

"ಹಾಗಾದ್ರೆ ಆ ಸೂಜೀಲಿ ಏನಿದೆ?"

ಇಲ್ಲಿ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಒಂದು ಕ್ಯಾಪ್ಸೂಲನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೆ, ವರದಿ ಬರಲು ಇನ್ನೂ ಒಂದು ವಾರ ಬೇಕಿತ್ತು. ಅಲ್ಲಿಯವರೆಗೆ ಚಪ್ಪಲಿಯವನು ಕಾಯುತ್ತಾನೆಯೇ? ಮುಂಗಡದ ಕಟ್ಟು ಅವನ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡು ಕೂತಿತ್ತು.

"ನೀರು," ಎಂದೆ. "ಸೂಜೀಲಿ ನೀರು, ಕ್ಯಾಪ್ಸೂಲಲ್ಲಿ ಹಿಟ್ಟು. ಇವತ್ತೇ ನಿಲ್ಲಿಸಿಬಿಡಿ. ದೊಡ್ಡಾಸ್ಪತ್ರೇಲಿ ಮುಂದಿನ ವಾರಕ್ಕೆ ಹೆಸರು ಬರೆಸ್ತೀನಿ, ಹಳೇ ಮಾತ್ರೆ ಮತ್ತೆ ಶುರು ಮಾಡೋಣ."

"ನಿಲ್ಲಿಸೋ ಹಾಗಿದ್ರೆ ನಮ್ಮನ್ನ ಕೇಳಿ ನಿಲ್ಲಿಸಿ ಅಂತ ಹೋದಾಗಲೆಲ್ಲ ಹೇಳ್ತಿದ್ರು."

"ಹೇಳದೆ ಇರ್ತಾರಾ? ಕೈಗೆ ಸಿಕ್ಕ ಗಿರಾಕಿನ ಯಾರು ಬಿಡ್ತಾರೆ?"

ಭಾವ ಚಪ್ಪಲಿಯವನ ಕಡೆ ತಿರುಗಿ ಕೈ ಮುಗಿದರು. "ಕ್ಷಮಿಸಿ. ಅಂಗಡಿ ಕೊಡಲ್ಲ." ಅವನು ಗೊಣಗುತ್ತ ಟೇಪು ಸುತ್ತಿಕೊಂಡು ಹೋದ. ಭಾವ ಮೇಜಿನ ಡ್ರಾಯರಿನಿಂದ ಕ್ಯಾಪ್ಸೂಲಿನ ಬಾಟಲಿ ತೆಗೆದು, ಅಂಗಡಿ ಮುಂದಿನ ಚರಂಡಿಗೆ ಒಂದೂ ಉಳಿಯದಂತೆ ಸುರಿದರು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಅಂಗಡಿ ಉಳಿದಿತ್ತು.

ಅಕ್ಕನಿಗೆ ಹೇಳಿದಾಗ ಅವಳು ಜಗಳ ಆಡಲಿಲ್ಲ. ಒಲೆ ಆರಿಸಿ, ಸೆರಗಲ್ಲಿ ಕಣ್ಣೊರೆಸಿಕೊಂಡಳು. "ನೀನು ಹೇಳೋದು ಸರಿ ಇರಬಹುದು ಕಣೇ. ಆದ್ರೆ ಗುಣ ಆಗತ್ತೆ ಅಂತ ಇಷ್ಟು ದಿನ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ವಿ."

ಅದು ಸೋಮವಾರ.

*

ಬುಧವಾರ ಅಕ್ಕ ಫೋನ್ ಮಾಡಿದಳು. "ಇವರಿಗೆ ಊಟ ಸೇರ್ತಿಲ್ಲ. ಎದ್ದು ನಿಂತ್ರೆ ತಲೆ ಸುತ್ತು ಅಂತಾರೆ. ಅಂಗಡೀನೂ ತೆಗೆದಿಲ್ಲ."

"ಮೋಸ ಹೋದ ಬೇಜಾರು ಅಕ್ಕ. ಸುಧಾರಿಸ್ಕೊಳ್ತಾರೆ ಬಿಡು."

ಗುರುವಾರ ಬೇಕರಿಯಮ್ಮನನ್ನು ನೋಡಲು ಹೋದೆ. ಗಂಡ ಸತ್ತ ಮೇಲೆ ಅವಳೇ ಗಲ್ಲಾದಲ್ಲಿ ಕೂರುತ್ತಿದ್ದಳು. ಹಿಂದುಗಡೆ ಒಲೆಯ ಬಾಗಿಲು ತೆರೆದು ಮುಚ್ಚುವ ಸದ್ದಿಗೊಮ್ಮೆ ಬೆಚ್ಚಿ ಅತ್ತ ನೋಡುತ್ತಿದ್ದಳು.

"ನಿಮ್ಮ ಯಜಮಾನ್ರು ಕೊನೆಗೂ ಆ ಔಷಧಿ ತಗೊಳ್ತಾ ಇದ್ರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಸಾಯೋಕೆ ಒಂದು ವಾರ ಮುಂಚೆ ಬಿಟ್ಟುಬಿಟ್ರು. ಕೈ ಚೆನ್ನಾಗೇ ಇದೆ, ಇನ್ನೂ ಯಾಕೆ ದುಡ್ಡು ದಂಡ ಅಂತ." ಅವಳು ಗಲ್ಲಾದ ಪೆಟ್ಟಿಗೆ ಮುಚ್ಚಿದಳು. "ಹಿಟ್ಟು ನಾದ್ತಾ ಇದ್ದವರು ಹಾಗೇ ಕುಸಿದ್ರು. ಗುಣ ಆದ ಮನುಷ್ಯ ಯಾಕೆ ಸಾಯ್ತಾನೆ ಮೇಡಂ? ನನಗೆ ಅದೊಂದು ಹೇಳಿ, ಸಾಕು."

ನಾನು ಅವಳ ಕೈ ಹಿಡಿದು ಧೈರ್ಯ ಹೇಳಿದೆ. ಮನಸ್ಸಿನಲ್ಲಿ ಆಗಲೇ ಲೆಕ್ಕ ಕೂಡಿಸಿದ್ದೆ. ನೀರು ನಂಬಿ ಹಳೆಯ ಮಾತ್ರೆ ಬಿಟ್ಟ, ಕಾಯಿಲೆ ಒಳಗೊಳಗೇ ಬೆಳೆದು ಹೃದಯಕ್ಕೆ ಹೋಯಿತು, ಸತ್ತ. ಕೇಂದ್ರದವರು ಕೊಂದದ್ದು ಸುಳ್ಳಿನಿಂದ. ಎಷ್ಟು ಸಲೀಸಾಗಿ ಕೂಡಿತ್ತೆಂದರೆ ಮತ್ತೊಮ್ಮೆ ನೋಡಬೇಕು ಎಂದು ಅನಿಸಲೇ ಇಲ್ಲ.

ಶುಕ್ರವಾರ ಸಂಜೆ, ಕೊನೆಯ ರೋಗಿ ಹೊರಗೆ ಹೋಗುತ್ತಿದ್ದಂತೆ, ನಾನು ಕೇಂದ್ರದ ಒಳಗೆ ಕಾಲಿಟ್ಟೆ.

*

ಡಾಕ್ಟರು ತಾವೇ ಕುರ್ಚಿಗಳನ್ನು ಸರಿಮಾಡಿ ಇಡುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಬಡಕಲು ಮೈ, ಬಹಳ ಮೆತ್ತಗಿನ ದನಿ. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ತಲೆಯೆತ್ತಿ ನೋಡುವಷ್ಟರಲ್ಲಿ ಮುಂದಿನವರ ಸರದಿ ಬಂದಿರುತ್ತದೆ. ಇವರು ರೋಗಿಯ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಅವರ ಮನೆ ಮಠದ ಸಮಾಚಾರವೆಲ್ಲ ಕೇಳಿ, ಒಂದೊಂದೇ ಬೆರಳನ್ನು ನೀವುತ್ತಾರೆ. ಜನ ಸುಮ್ಮಸುಮ್ಮನೆ ಮರುಳಾಗಿರಲಿಲ್ಲ.

"ಕೂತ್ಕೊಳ್ಳಿ," ಎಂದರು.

"ನಿಂತೇ ಮಾತಾಡೋಣ. ಗೋಡೆ ಹತ್ರ ಬನ್ನಿ." ಧ್ವನಿ ಮುದ್ರಿಸುವ ಪುಟ್ಟ ಯಂತ್ರವನ್ನು ಅವರ ಕಣ್ಣೆದುರೇ ಕುರ್ಚಿಯ ಮೇಲಿಟ್ಟು, ಗುಂಡಿ ಒತ್ತಿದೆ. "ಇದರಲ್ಲಿ ಎಲ್ಲಾ ದಾಖಲಾಗತ್ತೆ. ಮೊದಲೇ ಹೇಳಿದ್ದೀನಿ."

ಅವರು ಕುರ್ಚಿ ಬಿಟ್ಟು ಬಂದರು.

ಗೋಡೆಯ ಮೇಲೆ ಒಬ್ಬೊಬ್ಬ ರೋಗಿಗೆ ಎರಡೆರಡು ಫೋಟೋ. ಮೊದಲನೆಯದರಲ್ಲಿ ಮುಖ ಬಾಡಿ, ಬೆರಳು ಮಡಿಸಲಾಗದೆ ಒದ್ದಾಟ. ಎರಡನೆಯದರಲ್ಲಿ ಗಟ್ಟಿ ಮುಷ್ಟಿ, ತುಂಬಿದ ಮುಖದಲ್ಲಿ ನಗು. ಅದೇ ಕುರ್ಚಿ, ಹಿಂದೆ ಅದೇ ಕಿಟಕಿ.

"ಕೆಳಗೆ ನೆಲ ನೋಡಿ," ಎಂದೆ. "ಮೊದಲನೇ ಫೋಟೋಗಳಲ್ಲಿ ಕಿಟಕಿ ಬಿಸಿಲು ಕುರ್ಚಿ ಕಾಲಿನ ತನಕ ಬಂದಿದೆ. ಎರಡನೇದರಲ್ಲಿ ಬಿಸಿಲೇ ಇಲ್ಲ, ಟ್ಯೂಬ್‌ಲೈಟ್ ಹಾಕಿದ್ದೀರಿ. ಈ ಕಿಟಕಿ ಇರೋದು ಪೂರ್ವಕ್ಕೆ. ಏನ್ ಡಾಕ್ಟರೇ, ನಿಮ್ಮ ಹತ್ರ ಬರೋರ ಕಾಯಿಲೆಯೆಲ್ಲ ಹೊತ್ತು ಮುಳುಗಿದ ಮೇಲೇ ವಾಸಿ ಆಗತ್ತಾ?"

"ಒಳ್ಳೆ ಕಣ್ಣು ನಿಮ್ಮದು." ಅವರಿಗೆ ಸಿಟ್ಟು ಬರಲಿಲ್ಲ. "ಬೆಳಿಗ್ಗೆ ನೋಡ್ತೀವಿ, ಸಂಜೆ ನೋಡ್ತೀವಿ. ಇದರಲ್ಲಿ ಅಪರಾಧ ಏನಿದೆ?"

"ಇದಕ್ಕೆ ಮೋಸ ಅಂತಾರೆ."

"ನೀವು ಯಾವತ್ತಾದ್ರೂ ವರ್ಷಗಟ್ಟಲೆ ನೋವು ತಿಂದಿದ್ದೀರಾ? ಇಲ್ಲಿಗೆ ಬರೋರು ಎಲ್ಲಾ ಕಡೆ ಸುತ್ತಿ ಸೋತು ಬಂದಿರ್ತಾರೆ. ಅವರಿಗೆ ಮೊದಲು ನಂಬಿಕೆ ಬರಬೇಕು. ಎರಡು ವಾರದಲ್ಲಿ ಪಾದರಸ ಏರಿದ್ದು ನೋಡಿದ್ರೆ ನಿಲ್ತಾರೆ. ನಿಂತ ಮೇಲೆ ಔಷಧಿ ತನ್ನ ಕೆಲಸ ತಾನು ಮಾಡತ್ತೆ."

"ಯಾವ ಔಷಧಿ? ಆ ನೀರಾ?"

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಭುಜ ಸಡಿಲಬಿಟ್ಟು ನಕ್ಕರು. ಏನೋ ದೊಡ್ಡದು ತಪ್ಪಿತೆನ್ನುವ ನಗು. ನನಗೆ ಅದು ಸೊಕ್ಕಿನಂತೆ ಕಂಡಿತು.

"ನೀರು ಅಂತಲೇ ಇಟ್ಕೊಳ್ಳಿ," ಎಂದರು. "ನೀರು ಕುಡಿದು ಯಾರೂ ಸಾಯಲ್ಲ. ಹೋಗಿ, ಎಲ್ಲಿ ಬೇಕಾದ್ರೂ ದೂರು ಕೊಡಿ."

ನನ್ನ ಮೈ ಉರಿದುಹೋಯಿತು. "ಕೊಟ್ಟೇ ಕೊಡ್ತೀನಿ. ನಿಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಖಾಲಿ ಆಗ್ತಾರೆ, ನೋಡ್ತಾ ಇರಿ. ನಮ್ಮ ಭಾವನೇ ಮೊದಲು. ಸೋಮವಾರ ಎಲ್ಲಾ ಚರಂಡಿಗೆ ಸುರಿದ್ರು."

ನಗು ನಿಂತಿತು.

"ಯಾರು ನಿಮ್ಮ ಭಾವ?"

"ಗಡಿಯಾರ ರಿಪೇರಿಯವರು."

"ಎಲ್ಲಾ ಅಂದ್ರೆ? ಕ್ಯಾಪ್ಸೂಲೂ?"

"ಒಂದೂ ಬಿಡದೆ."

"ಒಂದೇ ಸಲಕ್ಕಾ? ಸ್ವಲ್ಪಸ್ವಲ್ಪ ಕಡಿಮೆ ಮಾಡ್ತಾ ಬಂದಿಲ್ವಾ?"

"ನೀರನ್ನ ಯಾಕ್ರೀ ಸ್ವಲ್ಪಸ್ವಲ್ಪ ಬಿಡಬೇಕು?"

ಮಾತು ಬಾಯಿಂದ ಬಿದ್ದ ಮೇಲೆ ಅದು ನನ್ನ ಕಿವಿಗೇ ಬೇರೆ ಥರ ಕೇಳಿಸಿತು.

ಡಾಕ್ಟರು ನನ್ನನ್ನು ನೋಡುತ್ತಿರಲಿಲ್ಲ. ಗೋಡೆಯ ಮೇಲಿದ್ದ ಬೇಕರಿಯವನ ಎರಡನೆಯ ಫೋಟೋ ನೋಡುತ್ತಿದ್ದರು. ಅವನ ಕೈಯನ್ನಲ್ಲ. ಮುಖವನ್ನು.

ನಾನೂ ನೋಡಿದೆ. ಉಬ್ಬಿದ ಕೆನ್ನೆ, ಚಂದ್ರನಂತೆ ದುಂಡಗಾದ ಮುಖ. ಪಕ್ಕದವಳದ್ದೂ ಹಾಗೇ. ಅದರಾಚೆಯ ಮುದುಕನದ್ದೂ ಹಾಗೇ. ಬೇರೆ ಬೇರೆ ಮನೆಯ, ಬೇರೆ ಬೇರೆ ವಯಸ್ಸಿನ ಜನಕ್ಕೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮುಖ. ನೆಲದ ಬಿಸಿಲನ್ನು ಇಂಚಿಂಚು ನೋಡಿದ್ದೆ ನಾನು. ಕಣ್ಣಿಗೆ ರಾಚುವ ಈ ಮುಖಗಳನ್ನು ನೋಡಿ, ಪಾಪ, ಚೆನ್ನಾಗಿ ಮೈಕೈ ತುಂಬಿಕೊಂಡಿದ್ದಾರೆ ಎಂದುಕೊಂಡಿದ್ದೆ. ಅಕ್ಕನ ಅಡುಗೆಯನ್ನು ಹೊಗಳಿದ್ದೆ.

ವಿಮಾ ಕಂಪನಿಯಲ್ಲಿದ್ದಾಗ ಇಂಥ ಮುಖವಿದ್ದ ಒಂದು ಅರ್ಜಿ ನನ್ನ ಮೇಜಿಗೆ ಬಂದಿತ್ತು. ಹೆಸರು ಹೇಳದೆ ಸ್ಟೀರಾಯ್ಡ್ ತುಂಬಿ ಕೊಟ್ಟಿದ್ದರು. ನೋವು ಮಾಯ, ಹಸಿವು ಜಾಸ್ತಿ, ಮುಖ ದುಂಡಗೆ. ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ, ದೇಹ ತನಗೆ ಬೇಕಾದ್ದನ್ನು ತಾನೇ ತಯಾರಿಸುವುದನ್ನು ಮರೆತುಬಿಡುತ್ತದೆ. ಆಮೇಲೆ ತಟ್ಟನೆ ನಿಲ್ಲಿಸಿದರೆ ವಾಂತಿ, ತಲೆಸುತ್ತು, ರಕ್ತದೊತ್ತಡ ಪಾತಾಳಕ್ಕೆ. ಬೇಗ ಆಸ್ಪತ್ರೆಗೆ ಸೇರಿಸಿ ಅದೇ ಔಷಧಿ ರಕ್ತಕ್ಕೆ ಕೊಡದಿದ್ದರೆ ಮನುಷ್ಯ ಉಳಿಯುವುದಿಲ್ಲ.

ಬೇಕರಿಯವನನ್ನು ಕೊಂದದ್ದು ಔಷಧಿ ತೆಗೆದುಕೊಂಡದ್ದಲ್ಲ. ಬಿಟ್ಟದ್ದು. ಅವನು ತಾನಾಗಿ ಬಿಟ್ಟ. ನನ್ನ ಭಾವನಿಗೆ ಬಿಡಿಸಿದವಳು ನಾನು.

"ಸ್ಟೀರಾಯ್ಡ್," ಎಂದೆ. "ಅಲ್ವಾ?"

ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಕೇಳಿ ನಿಲ್ಲಿಸಿ ಅಂತ ಎಲ್ಲರಿಗೂ ಹೇಳ್ತೀನಿ," ಎಂದು ಗೊಣಗಿದರು. "ಎಲ್ಲರಿಗೂ ಹೇಳ್ತೀನಿ ನಾನು."

*

ಅಕ್ಕನ ಮನೆ ಊರಿನ ಆ ತುದಿಯಲ್ಲಿ; ಫೋನ್ ಮಾಡಿದೆ. ಅಕ್ಕ ಬೇಗ ಫೋನ್ ಎತ್ತಲಿಲ್ಲ. ಸ್ಪೀಕರ್ ಹಾಕಿ, ಫೋನನ್ನು ಮುಖದೆದುರು ಹಿಡಿದುಕೊಂಡೆ.

"ಅಕ್ಕ, ಭಾವ ಹೇಗಿದ್ದಾರೆ?"

"ಈಗ ನೆನಪಾಯ್ತಾ?" ಅಕ್ಕ ಅತ್ತು ಅತ್ತು ದನಿ ಕೆಡಿಸಿಕೊಂಡಿದ್ದಳು. "ಬೆಳಿಗ್ಗೆಯಿಂದ ವಾಂತಿ. ಮೈಯೆಲ್ಲ ತಣ್ಣಗೆ. ಈಗ ಮಂಪರು ಹಿಡಿದು ಮಲಗಿದ್ದಾರೆ. ಕೂಗಿದ್ರೆ ಹ್ಞೂಂ ಅಂತಾರೆ, ಕಣ್ಣು ಬಿಡಲ್ಲ."

"ಅಕ್ಕ, ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ಸ್ಟೀರಾಯ್ಡ್ ತಟ್ಟನೆ ನಿಲ್ಲಿಸಿದ್ದು ಅಂತ ಹೇಳು. ಅದು ನೀರಲ್ಲ ಅಕ್ಕ, ಭಾರೀ ಔಷಧಿ..."

"ಸೋಮವಾರ ನೀರು ಅಂದೆ."

"ಅವತ್ತು ಗೊತ್ತಿರಲಿಲ್ಲ."

"ಗೊತ್ತಿಲ್ಲದ್ದನ್ನ ಅಷ್ಟು ಧೈರ್ಯವಾಗಿ ಹೇಳಿದ್ಯಾ? ಇವರು ಕೇಳಿದ್ರು, ಸೂಜೀಲಿ ಏನಿದೆ ಅಂತ. ನೀರು ಅಂದೆ. ಹಿಟ್ಟು ಅಂದೆ. ಇವತ್ತು ಭಾರೀ ಔಷಧಿ ಅಂತೀಯಾ. ನಾಳೆ ಇನ್ನೇನು ಅಂತೀಯಾ?"

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ..."

"ನಿನ್ನ ಮಾತು ಕೇಳಿ ಕೇಳಿ ಇವರನ್ನ ಈ ಗತಿಗೆ ತಂದಿಟ್ಟಿದ್ದೀನಿ. ಈ ಸ್ಥಿತೀಲಿ ಎತ್ತಿಕೊಂಡು ಹೋಗಿ ಅಲ್ಲಿ ಸಾಲಲ್ಲಿ ಕೂರಿಸಲ್ಲ ನಾನು. ಆ ಡಾಕ್ಟರು ಹೇಳಲಿ. ಅವರು ಒಂದು ಮಾತು ಹೇಳಿದ್ರೆ ಈಗಲೇ ಹೊರಡ್ತೀನಿ. ನೀನು ಹೇಳಬೇಡ."

ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಫೋನನ್ನು ಡಾಕ್ಟರ ಮುಂದೆ ಹಿಡಿದೆ. "ಹೇಳಿ. ಆಸ್ಪತ್ರೆಗೆ ಹೋಗಿ ಅಂತ ಒಂದೇ ಒಂದು ಮಾತು."

ಅವರು ಕುರ್ಚಿಯ ಮೇಲಿನ ಧ್ವನಿಮುದ್ರಣ ಯಂತ್ರದ ಕೆಂಪು ದೀಪ ನೋಡಿದರು. ನಾನು ಅದನ್ನು ಎತ್ತಿ, ಆರಿಸಿ, ಕಿಟಕಿಯಿಂದ ಆಚೆ ಎಸೆದೆ. ಬೇಕರಿಯಮ್ಮನಿಗೆ ಕೊಟ್ಟ ಮಾತೂ ಅದರ ಜೊತೆಗೇ ಹೋಯಿತು. ಹೋಗಲಿ.

"ದೂರು ಕೊಡಲ್ಲ. ಏನೂ ಬೇಡ. ಆ ಮನುಷ್ಯ ಬದುಕಲಿ, ಅಷ್ಟೇ."

ಡಾಕ್ಟರು ಫೋನ್ ತೆಗೆದುಕೊಂಡರು.

"ಹಲೋ, ಅಮ್ಮ. ನಾನು ಮಾತಾಡ್ತಿದ್ದೀನಿ."

"ಡಾಕ್ಟರೇ!" ಅಕ್ಕ ಬಿಕ್ಕಿದಳು. "ನೋಡಿ ಡಾಕ್ಟರೇ ಇವರು ಹೇಗಾಗಿದ್ದಾರೆ..."

"ಉಸಿರು ಹೇಗಿದೆ? ಬೆವರು ಇದೆಯಾ? ಕೈ ಹಿಡಿದು ನೋಡಿ ಅಮ್ಮ, ನಾಡಿ ಸಿಗತ್ತಾ?"

ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ತಣ್ಣನೆಯ ಬೆವರು. ನಾಡಿ ಸರಿಯಾಗಿ ಸಿಗುತ್ತಿಲ್ಲ. ಡಾಕ್ಟರು ಕಣ್ಣು ಮುಚ್ಚಿಕೊಂಡರು. ಅವರಿಗೆ ಎಲ್ಲ ಗೊತ್ತಾಗಿದೆ ಎನ್ನುವುದು ನನಗೂ ಗೊತ್ತಾಯಿತು. ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಉಸಿರು ಬಿಗಿಹಿಡಿದು ನಿಂತೆ.

ಅವರು ಕಣ್ಣು ತೆರೆದಾಗ ಎದುರಿಗೆ ಬೇಕರಿಯವನ ಫೋಟೋ ಇತ್ತು. ಅದನ್ನೇ ನೋಡಿದರು. ಆಸ್ಪತ್ರೆ ಮುಟ್ಟದೆ ಸತ್ತ ಅವನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಆಮೇಲೆ ಮಾತಾಡಿದರು, ರೋಗಿಗಳ ಬೆರಳು ನೀವುವಾಗಿನ ಅದೇ ಮೆತ್ತಗಿನ ದನಿಯಲ್ಲಿ.

"ಗಾಬರಿ ಆಗೋಂಥದ್ದು ಏನಿಲ್ಲ ಅಮ್ಮ. ಔಷಧಿ ಬಿಟ್ಟಿದ್ದಕ್ಕೆ ಸ್ವಲ್ಪ ಸುಸ್ತು, ಅಷ್ಟೇ. ಆಸ್ಪತ್ರೆ ಗೀಸ್ಪತ್ರೆ ಅಂತ ಅಲೆದಾಡಿಸಬೇಡಿ. ಬೆಚ್ಚಗೆ ಹೊದಿಸಿ ಮಲಗಿಸಿ. ನಿದ್ದೆ ಬಂದ್ರೆ ಎಬ್ಬಿಸಬೇಡಿ. ಫೋನ್ ಆಫ್ ಮಾಡಿ, ಬಾಗಿಲು ಹಾಕ್ಕೊಂಡು ನೀವೂ ಮಲಗಿ. ಬೆಳಿಗ್ಗೆ ನಾನೇ ಬಂದು ನೋಡ್ತೀನಿ."

"ಸುಳ್ಳು! ಅಕ್ಕಾ, ಸುಳ್ಳು!" ನಾನು ಕಿರುಚುತ್ತ ಅವರ ಮೇಲೆ ಬಿದ್ದೆ. ಅವರು ಗೋಡೆಗೆ ಮುಖ ಮಾಡಿ, ಭುಜ ಅಡ್ಡ ಕೊಟ್ಟು, ಫೋನನ್ನು ಎದೆಗೆ ಅವುಚಿಕೊಂಡರು.

ಆ ಕಡೆಯಿಂದ ಅಕ್ಕನ ದನಿ ಬಂತು. ಸೋಮವಾರದಿಂದ ಈಚೆಗೆ ಅವಳ ದನಿಯಲ್ಲಿ ಅಷ್ಟು ನೆಮ್ಮದಿ ನಾನು ಕೇಳಿರಲಿಲ್ಲ.

"ಹೋದ ಜೀವ ಬಂತು ಡಾಕ್ಟರೇ. ಅವಳು ಹಾಗೆ ಕಿರುಚಾಡ್ತಿದ್ದಾಳೆ, ನೀವು ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ ಹಾಗೇ ಮಾಡ್ತೀನಿ."

ಫೋನ್ ಕಿತ್ತುಕೊಂಡು ಮತ್ತೆ ಮಾಡಿದೆ. ಅಕ್ಕ ಆಗಲೇ ಆಫ್ ಮಾಡಿದ್ದಳು.